ಓಟ್ಸ್ ಗಂಜಿ ಗೋಂದಾಗುತ್ತಿದೆ, ಕೆನೆ ಥರ ಬರಲು ಏನು ಮಾಡಬೇಕು?

ಸರಸ್ವತಿಪುರಂ ಸೊಸೆ · ಸೋಮವಾರ ಬೆಳಿಗ್ಗೆ 10:40

ಎಲ್ಲರಿಗೂ ನಮಸ್ಕಾರ. ಅಡುಗೆ ನನಗೆ ಹೊಸದಲ್ಲ. ಒಬ್ಬಟ್ಟು ತಟ್ಟುತ್ತೇನೆ, ಹಿಟ್ಟು ತೊಳಸುತ್ತೇನೆ, ಐವತ್ತು ಜನಕ್ಕೆ ಬಿಸಿಬೇಳೆಬಾತ್ ಮಾಡಿ ಬಡಿಸಿದ್ದೇನೆ. ಆದರೆ ಒಂದು ಬಟ್ಟಲು ಓಟ್ಸ್ ಮೂರು ದಿನದಿಂದ ನನ್ನನ್ನು ಆಟ ಆಡಿಸುತ್ತಿದೆ.

ನಮ್ಮ ಮಾವ ಪಾಂಡವಪುರದ ಕಡೆಯವರು. ಎಪ್ಪತ್ತೊಂದು ವರ್ಷ. ಎರಡು ತಿಂಗಳಿಂದ ನಮ್ಮ ಜೊತೆ ಇದ್ದಾರೆ. ರಕ್ತ ಪರೀಕ್ಷೆಯಲ್ಲಿ ಕೊಲೆಸ್ಟ್ರಾಲ್ ಜಾಸ್ತಿ ಬಂತು. ಡಾಕ್ಟರು ಮಾತ್ರೆ ಬರೆದುಕೊಟ್ಟು, ಬೆಳಗಿನ ತಿಂಡಿಗೆ ಓಟ್ಸ್ ಕೊಡಿ ಅಂದರು. ಬೆಳಗಾದರೆ ಹಿಟ್ಟು ಉಪ್ಸಾರು ಉಂಡು ಹೊಲಕ್ಕೆ ಹೋಗುತ್ತಿದ್ದವರಿಗೆ ಓಟ್ಸ್!

ಮೊದಲ ದಿನ ಪ್ಯಾಕೆಟ್ ಮೇಲೆ ಬರೆದ ಹಾಗೆ ಹಾಲು ಕಾಯಿಸಿ, ಓಟ್ಸ್ ಸುರಿದು, ಮೂರು ನಿಮಿಷ ಕೈಯಾಡಿಸಿದೆ. ಒಲೆ ಮೇಲೆ ಚೆನ್ನಾಗಿಯೇ ಇತ್ತು. ಮಾವ ಸ್ನಾನ ಮುಗಿಸಿ ಬಂದು ಕೂರುವಷ್ಟರಲ್ಲಿ ಬಟ್ಟಲಲ್ಲಿ ಚಮಚ ನೆಟ್ಟಗೆ ನಿಂತಿತ್ತು. ಎತ್ತಿದರೆ ಇಡೀ ಮುದ್ದೆಯೇ ಮೇಲೆ ಬಂತು. “ಏನವ್ವ ಇದು, ಗಾಳಿಪಟಕ್ಕೆ ಹಚ್ಚೋ ಗೋಂದಾ?” ಅಂದರು. ಆಮೇಲೆ ಮಾತಾಡದೆ ಪೂರ್ತಿ ತಿಂದರು. ಅದೇ ನನಗೆ ಜಾಸ್ತಿ ಬೇಜಾರಾಗಿದ್ದು.

ಎರಡನೇ ದಿನ ನೀರು ಸುರಿದೆ. ಓಟ್ಸ್ ಕೆಳಗೆ, ನೀರು ಮೇಲೆ. ಮೂರನೇ ದಿನ ಹಠಕ್ಕೆ ಬಿದ್ದು ಎರಡು ಚಮಚ ಹಾಲಿನ ಕೆನೆ ಹಾಕಿದೆ. ಸೊಗಸಾಗಿತ್ತು. ಕೊಲೆಸ್ಟ್ರಾಲಿಗೆ ಅಂತ ಓಟ್ಸ್ ಮಾಡಿ ಅದಕ್ಕೆ ಕೆನೆ ಹಾಕುವುದು ಯಾವ ನ್ಯಾಯ ಅಂತ ನಮ್ಮನೆಯವರು ನಕ್ಕರು.

ಕೆನೆ ಹಾಕದೆ ಕೆನೆ ಥರ ಬರುತ್ತದೆಯಾ? ನಾದಿನಿ ಮನೆಯಲ್ಲಿ ಒಮ್ಮೆ ತಿಂದಿದ್ದೆ. ನುಣ್ಣಗೆ, ಗಂಟಲಲ್ಲಿ ಜಾರಿ ಹೋಗುವ ಹಾಗಿತ್ತು. ಅವಳನ್ನೇ ಕೇಳಬಹುದು. ಕೇಳುವುದಿಲ್ಲ. ಕಾರಣ ಕೇಳಬೇಡಿ.

ಬೆಳಗಿನ ವಾಕರ್ · 10:52

ನೆನೆಸಿಡಿ. ಆಮೇಲೆ ಐದು ನಿಮಿಷ ಕುದಿ. ಅಷ್ಟೇ. ರಾತ್ರಿ ಮರೆತರೂ ಚಿಂತೆಯಿಲ್ಲ. ನಾನು ಬೆಳಿಗ್ಗೆ ನೀರಿಗೆ ಹಾಕಿಟ್ಟು ಕುಕ್ಕರಹಳ್ಳಿ ಕೆರೆ ಒಂದು ಸುತ್ತು ಹಾಕಿ ಬರುತ್ತೇನೆ, ಅಷ್ಟರಲ್ಲಿ ನೆನೆದಿರುತ್ತದೆ.

ಹಿಟ್ಟಿನ ಕೋಲು · 11:35

ಅಕ್ಕಾ, ನಾನು ಮದ್ದೂರಿನವನು. ಒಂಬತ್ತು ವರ್ಷ ಹೋಟೆಲ್ ಅಡುಗೆಮನೆಯಲ್ಲಿದ್ದೆ. ಬೆಳಗಿನ ಬಫೆಯಲ್ಲಿ ಓಟ್ಸ್ ಗಂಜಿ ನನ್ನ ಪಾಲಿಗೆ ಬಂದಿತ್ತು. ಮೊದಲ ವಾರ ನಾನು ಮಾಡಿದ್ದನ್ನು ಒಬ್ಬರೂ ಮುಟ್ಟಲಿಲ್ಲ. ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ, ತಪ್ಪು ನಿಮ್ಮ ಕೈಯದಲ್ಲ. ಪ್ಯಾಕೆಟ್ಟಿನದು, ಮತ್ತೆ ಹಾಲಿನದು.

ಮೊದಲು ಪ್ಯಾಕೆಟ್. ಓಟ್ಸಿನಲ್ಲಿ ಜಾತಿಗಳಿವೆ. ಇಡೀ ಕಾಳನ್ನು ಎರಡು ಮೂರು ತುಂಡು ಮಾಡಿದ್ದು ಸ್ಟೀಲ್ ಕಟ್. ನಮ್ಮ ಭಾಷೆಯಲ್ಲಿ ನುಚ್ಚು. ಕಾಳನ್ನು ಹಬೆಯಲ್ಲಿ ಬೇಯಿಸಿ ಉರುಳೆಗಳ ನಡುವೆ ಒತ್ತಿದ್ದು ರೋಲ್ಡ್ ಓಟ್ಸ್. ಅದು ಗಟ್ಟಿ ಅವಲಕ್ಕಿ ಇದ್ದ ಹಾಗೆ. ಇನ್ನೂ ತೆಳ್ಳಗೆ ಒತ್ತಿದ್ದು ಪೇಪರ್ ಅವಲಕ್ಕಿ ಅಂದುಕೊಳ್ಳಿ, ನಿಮ್ಮ ಮೂರು ನಿಮಿಷದ ಪ್ಯಾಕೆಟ್ ಅದೇ. ಪೇಪರ್ ಅವಲಕ್ಕಿಗೆ ಗಟ್ಟಿ ಅವಲಕ್ಕಿಯ ಹಾಗೆ ನೀರು ಹೊಯ್ದು ಬಿಟ್ಟರೆ ಏನಾಗುತ್ತದೆ? ಪೇಸ್ಟ್. ಇಲ್ಲಿಯೂ ಅದೇ ಆಗಿದೆ. ಗಟ್ಟಿ ಜಾತಿಯದನ್ನು ತನ್ನಿ. ಪ್ಯಾಕೆಟ್ ಮೇಲೆ ರೋಲ್ಡ್ ಅಂತ ಇರಬೇಕು. ಎಸಳು ಅಗಲವಾಗಿ ಇಡಿಯಾಗಿ ಕಾಣಬೇಕು, ಪುಡಿಪುಡಿ ಇರಬಾರದು.

ಇನ್ನು ಹಾಲು. ಅಕ್ಕಿ ಪಾಯಸ ಮಾಡುವಾಗ ಅಕ್ಕಿಯನ್ನು ಮೊದಲು ನೀರಿನಲ್ಲಿ ಬೇಯಿಸಿಕೊಂಡು ಆಮೇಲೆ ಹಾಲು ಹಾಕುತ್ತೀರಿ, ಅಲ್ವಾ? ಹಾಲಿನಲ್ಲಿ ಕಾಳು ಬೇಗ ಬೇಯುವುದಿಲ್ಲ. ಸಿಹಿಯೂ ಹಾಗೆಯೇ, ಮೊದಲೇ ಬಿದ್ದರೆ ಕಾಳು ನೀರು ಕುಡಿಯುವುದನ್ನು ತಡೆಯುತ್ತದೆ. ಪಾಯಸಕ್ಕೆ ಗೊತ್ತಿರುವ ಈ ಎರಡು ಮಾತನ್ನು ಓಟ್ಸಿಗೆ ಮಾತ್ರ ಎಲ್ಲರೂ ಮರೆಯುತ್ತಾರೆ.

ನಿಮಗೆ ಬೇಕಾದ ಕೆನೆ ಹಾಲಲ್ಲಿಲ್ಲ, ಕಾಳಿನಲ್ಲೇ ಇದೆ. ಬೀಟಾ ಗ್ಲೂಕಾನ್ ಅಂತ ಒಂದು ನಾರು. ನೀರಿನಲ್ಲಿ ಕರಗಿ ಲೋಳೆಯಾಗುತ್ತದೆ. ಅದರ ಜೊತೆ ಪಿಷ್ಟವೂ ಉಬ್ಬಿ ಬಿಡಿಸಿಕೊಳ್ಳುತ್ತದೆ. ನಿಧಾನವಾಗಿ ಬಿಸಿ ಏರಿದರೆ ಇವೆರಡೂ ನೀರಿಗೆ ಚೆನ್ನಾಗಿ ಇಳಿದು ನುಣ್ಣನೆಯ ಗಂಜಿಯಾಗುತ್ತದೆ. ಕುದಿಯುವ ಹಾಲಿಗೆ ಸುರಿದು ಜೋರು ಉರಿಯಲ್ಲಿ ಕಡೆದರೆ ಎಸಳಿನ ಹೊರಗೆ ಅಂಟು, ಒಳಗೆ ಹಸಿ.

ಅಳತೆ ಹೇಳುತ್ತೇನೆ. ಒಂದು ಲೋಟ ಗಟ್ಟಿ ಓಟ್ಸ್, ಎರಡೂಕಾಲು ಲೋಟ ತಣ್ಣೀರು, ಎರಡು ಚಿಟಿಕೆ ಉಪ್ಪು. ಇಬ್ಬರಿಗೆ ಆಗುತ್ತದೆ. ತಳ ದಪ್ಪ ಇರುವ ಪಾತ್ರೆ. ತಣ್ಣೀರಿಗೇ ಓಟ್ಸ್ ಹಾಕಿ ಹತ್ತು ನಿಮಿಷ ಬಿಡಿ. ನಡು ಉರಿಯಲ್ಲಿ ಇಟ್ಟು, ಗುಳ್ಳೆ ಶುರುವಾದ ತಕ್ಷಣ ಸಿಮ್ ಮಾಡಿ. ಎಂಟು ಹತ್ತು ನಿಮಿಷ. ಅರ್ಧ ನಿಮಿಷಕ್ಕೊಮ್ಮೆ ಮರದ ಸೌಟಿನಲ್ಲಿ ತಳ ಸವರಿ. ಕೊನೆಗೆ ಮುಕ್ಕಾಲು ಲೋಟ ಬಿಸಿ ಹಾಲು, ಇನ್ನೆರಡು ನಿಮಿಷ. ಸೌಟಿನಲ್ಲಿ ತಳದ ಮೇಲೆ ಒಂದು ಗೆರೆ ಎಳೆಯಿರಿ. ಗೆರೆ ನಿಧಾನವಾಗಿ ಮುಚ್ಚಿಕೊಂಡರೆ ಆಯಿತು. ನೋಡಲು ಇನ್ನೂ ಸ್ವಲ್ಪ ನೀರಾಗಿದೆ ಅನ್ನಿಸುವಾಗಲೇ ಇಳಿಸಬೇಕು. ತಟ್ಟೆ ಮುಚ್ಚಿ ಎರಡು ನಿಮಿಷ ಬಿಡಿ. ಆರುತ್ತಾ ಅದು ತಾನೇ ಗಟ್ಟಿಯಾಗುತ್ತದೆ. ನಿಮ್ಮ ಮಾವನವರ ಸ್ನಾನ ಎಷ್ಟು ಹೊತ್ತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ.

ಉಪ್ಪು ಬಿಡಬೇಡಿ. ಸಿಹಿ ಮಾಡುವುದಾದರೂ ಬೇಕು.

ಅಗ್ರಹಾರದ ಅಜ್ಜಿ · ಮಧ್ಯಾಹ್ನ 12:20

ಮೊಮ್ಮಗಳು ಟೈಪ್ ಮಾಡಿಕೊಡುತ್ತಿದ್ದಾಳೆ. ನಮ್ಮ ಕಾಲದಲ್ಲಿ ಓಟ್ಸ್ ಅಂದರೆ ರೇಸ್ ಕೋರ್ಸಿನ ಕುದುರೆಗೆ ಹಾಕುವುದು ಅಂತಲೇ ಗೊತ್ತಿದ್ದದ್ದು. ಈಗ ಮನುಷ್ಯರಿಗೆ ಬರೆದುಕೊಡುತ್ತಾರಾ? ರಾಗಿ ಗಂಜಿ ಏನು ಪಾಪ ಮಾಡಿತ್ತು? ಪಾಂಡವಪುರದವರ ಹೊಟ್ಟೆಗೆ ಅದೇ ಸರಿ ಕಣಮ್ಮ.

ಹಿಟ್ಟಿನ ಕೋಲು · 12:41

ಅಜ್ಜಿ, ನನ್ನ ಹೆಸರೇ ಹಿಟ್ಟಿನ ಕೋಲು. ರಾಗಿ ಬಿಟ್ಟುಕೊಡುವವನು ನಾನಲ್ಲ. ಮೂಳೆಗೆ ರಾಗಿಯ ಮುಂದೆ ಓಟ್ಸ್ ನಿಲ್ಲುವುದಿಲ್ಲ, 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಆದರೆ ಡಾಕ್ಟರು ಹೇಳಿದ್ದು ಕೊಲೆಸ್ಟ್ರಾಲಿಗೆ. ಆ ಲೋಳೆ ನಾರು ಚೆನ್ನಾಗಿ ಸಿಗುವುದು ಓಟ್ಸ್ ಮತ್ತು ಬಾರ್ಲಿಯಲ್ಲಿ. ಕರುಳಿನಲ್ಲಿ ಅದು ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಹೊಸ ಪಿತ್ತರಸ ಮಾಡಲು ಈಲಿ ರಕ್ತದ ಕೊಲೆಸ್ಟ್ರಾಲನ್ನು ಎಳೆದುಕೊಳ್ಳುತ್ತದೆ. ದಿನಕ್ಕೆ 3 ಗ್ರಾಂ ಬೀಟಾ ಗ್ಲೂಕಾನ್ ಬೇಕು ಅನ್ನುತ್ತಾರೆ. ಸುಮಾರು 75 ಗ್ರಾಂ ಓಟ್ಸಿನಲ್ಲಿ ಅಷ್ಟಿರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 1997ರಲ್ಲೇ ಇದನ್ನು ಪ್ಯಾಕೆಟ್ ಮೇಲೆ ಬರೆದುಕೊಳ್ಳಲು ಒಪ್ಪಿದೆ. ಅಂದರೆ ನಮ್ಮ ಅಕ್ಕನಿಗೆ ಬೇಕಾದ ಕೆನೆಯೂ ಡಾಕ್ಟರು ಹೇಳಿದ ಮದ್ದೂ ಒಂದೇ ಲೋಳೆ.

ಮಾತ್ರೆ ನಿಲ್ಲಿಸಿ ಓಟ್ಸ್ ತಿನ್ನಿ ಅಂತ ಮಾತ್ರ ಯಾರೂ ಅರ್ಥ ಮಾಡಿಕೊಳ್ಳಬೇಡಿ.

ಅಗ್ರಹಾರದ ಅಜ್ಜಿ · 12:50

ಸರಿ ಮಗಾ. ಮಧ್ಯಾಹ್ನಕ್ಕಾದರೂ ಮುದ್ದೆ ಕೊಡಲು ಹೇಳು.

ಕನ್ನಡ ಮೇಷ್ಟ್ರು · 1:15

ಓಟ್ಸಿಗೆ ಕನ್ನಡದಲ್ಲಿ ತೋಕೆಗೋಧಿ ಅನ್ನುತ್ತಾರೆ. ಈ ಹೆಸರು ಬಳಸೋಣ ಅಂತ ದೇವರಾಜ ಮಾರ್ಕೆಟ್ ಹತ್ತಿರ ಒಂದು ಅಂಗಡಿಯಲ್ಲಿ ಕೇಳಿದೆ. ಅರ್ಧ ಕೆಜಿ ಗೋಧಿ ಕಟ್ಟಿಕೊಟ್ಟರು. ಸುಮ್ನೆ ತಂದು ಬೀಸಿಸಿದೆ.

ಮಂಡ್ಯ ಬೆಲ್ಲ · 3:05

ಸಕ್ಕರೆ ಹಾಕಬೇಡಿ, ಬೆಲ್ಲ ಹಾಕಿ. ನಮ್ಮ ಊರಿನ ಬೆಲ್ಲದ ಮುಂದೆ ಸಕ್ಕರೆಗೆ ಏನು ರುಚಿ ಇದೆ?

ಟೈಮಿಲ್ಲದವಳು · 3:20

ಬೆಲ್ಲ ಹಾಕಿ ಹಾಲು ಒಡೆದು, ಓಟ್ಸ್ ಪೂರ್ತಿ ಮೊಸರು ಮೊಸರಾಗಿದ್ದು ನಮ್ಮನೆಯಲ್ಲಿ ಕಳೆದ ವಾರವೇ ಆಯಿತು. ಮಕ್ಕಳು ಸ್ಕೂಲ್ ವ್ಯಾನ್ ಬರುವ ಹೊತ್ತಿಗೆ ಬಟ್ಟಲು ನೋಡಿ “ಅಮ್ಮ, ಇದು ವಾಂತಿ ಥರ ಇದೆ” ಅಂದರು. ಹಾಲು ಆವತ್ತು ಬಂದ ನೀಲಿ ಪ್ಯಾಕೆಟ್, ಕಾಯಿಸಿದಾಗ ಏನೂ ಆಗಿರಲಿಲ್ಲ. ಬೆಲ್ಲದ್ದೇ ತಪ್ಪು.

ಮಂಡ್ಯ ಬೆಲ್ಲ · 4:10

ಅಕ್ಕ, ಬೆಲ್ಲದ್ದು ತಪ್ಪು ಅನ್ನುವ ಹಾಗಿಲ್ಲ, ಹಾಕಿದ ಹೊತ್ತಿನದು. ನಮ್ಮ ತಾತನ ಕಾಲದಿಂದ ಆಲೆಮನೆ ಇತ್ತು, ಅದಕ್ಕೇ ಹೇಳುತ್ತೇನೆ. ಕಬ್ಬಿನ ಹಾಲಿಗೆ ಹುಟ್ಟಿನಿಂದಲೇ ಸ್ವಲ್ಪ ಹುಳಿ ಗುಣ ಇದೆ. ಗಾಣದಿಂದ ಬಂದ ಹಾಲು ಕೊಪ್ಪರಿಗೆಯಲ್ಲಿ ಕಾಯುವಾಗ ಸುಣ್ಣದ ತಿಳಿ ಹಾಕುತ್ತಾರೆ, ಆ ಹುಳಿ ಮುರಿಯಲಿ ಅಂತ. ಸುಣ್ಣ ಕಡಿಮೆ ಬಿದ್ದರೆ ಹುಳಿ ಉಳಿಯುತ್ತದೆ. ಕಬ್ಬು ಕಡಿದು ಎರಡು ಮೂರು ದಿನ ಬಿದ್ದಿದ್ದರೆ ಇನ್ನೂ ಜಾಸ್ತಿ. ಅಂಥ ಬೆಲ್ಲ ಕುದಿಯುವ ಹಾಲಿಗೆ ಬಿದ್ದರೆ ನಿಂಬೆಹಣ್ಣು ಹಿಂಡಿದ ಹಾಗೆಯೇ. ಒಡೆಯದೆ ಇನ್ನೇನು ಮಾಡೀತು?

ಹೀಗೆ ಮಾಡಿ. ಬೆಲ್ಲವನ್ನು ಕಾಲು ಲೋಟ ನೀರಿನಲ್ಲಿ ಬೇರೆಯೇ ಕರಗಿಸಿ ಶೋಧಿಸಿ. ಸಿಪ್ಪೆ ಚೂರು, ಮರಳು ಎಲ್ಲ ಜರಡಿಯಲ್ಲಿ ನಿಲ್ಲುತ್ತದೆ. ಒಮ್ಮೆ ನೋಡಿದರೆ ಮತ್ತೆ ಎಂದೂ ಶೋಧಿಸದೆ ಹಾಕುವುದಿಲ್ಲ. ಒಲೆ ಆರಿಸಿ, ಗಂಜಿ ಉಗುರು ಬೆಚ್ಚಗೆ ಅಲ್ಲದಿದ್ದರೂ ಬಾಯಿಗಿಡುವಷ್ಟು ಆರಿದ ಮೇಲೆ ಪಾಕ ಬೆರೆಸಿ. ಮತ್ತೆ ಒಲೆ ಮೇಲೆ ಇಡಬೇಡಿ.

ಬೆಳ್ಳಗೆ ಹೊಳೆಯುವ ಬೆಲ್ಲ ನೋಡಿ ಮರುಳಾಗಬೇಡಿ. ಬಣ್ಣಕ್ಕೆ ಅಂತ ಏನೇನೋ ಹಾಕುವವರಿದ್ದಾರೆ. ಕಂದು ಬಣ್ಣದ್ದು ತೆಗೆದುಕೊಳ್ಳಿ.

ಇನ್ನೊಂದು. ಮೇಲೆ ಲೋಳೆ ಅಂತ ಓದಿ ನೆನಪಾಯಿತು. ನಮ್ಮ ತಾತ ಕೊಪ್ಪರಿಗೆಗೆ ಬೆಂಡೆ ಗಿಡ ಜಜ್ಜಿ ಅದರ ಲೋಳೆ ಬಿಡುತ್ತಿದ್ದರು. ಕಸ ಎಲ್ಲ ಅದಕ್ಕೆ ಅಂಟಿಕೊಂಡು ನೊರೆಯಾಗಿ ಮೇಲೆ ಬರುತ್ತಿತ್ತು, ಅದನ್ನು ಬಳಿದು ತೆಗೆಯುತ್ತಿದ್ದರು. ಹೊಟ್ಟೆಯಲ್ಲಿ ಓಟ್ಸ್ ಮಾಡುವುದೂ ಹೆಚ್ಚು ಕಮ್ಮಿ ಇದೇ ಕೆಲಸ ಅನ್ನಿಸಿತು.

ಟೈಮಿಲ್ಲದವಳು · 4:30

ಒಪ್ಪಿದೆ. ಆದರೆ ನನಗೆ ಎಂಟು ಹತ್ತು ನಿಮಿಷ ಸೌಟು ಹಿಡಿದು ನಿಲ್ಲಲು ಆಗುವುದಿಲ್ಲ. ಕುಕ್ಕರಿಗೆ ಹಾಕಿ ಎರಡು ವಿಷಲ್ ಕೂಗಿಸಿದರೆ ಆಗಲ್ವಾ?

ಹಿಟ್ಟಿನ ಕೋಲು · 5:02

ನೇರವಾಗಿ ಕುಕ್ಕರಿಗೆ ಹಾಕಬೇಡಿ. ಓಟ್ಸ್ ನೊರೆ ಕಟ್ಟುತ್ತದೆ. ನೊರೆ ಮೇಲೆದ್ದು ವಿಷಲ್ ಕಂಡಿ ಮುಚ್ಚಿಕೊಂಡರೆ ಅಪಾಯ. ಅನ್ನಕ್ಕೆ ಇಡುವ ಹಾಗೆ ಕುಕ್ಕರಿನ ತಳದಲ್ಲಿ ನೀರು ಹಾಕಿ, ಒಳಗೆ ಒಂದು ಪಾತ್ರೆ ಇಟ್ಟು, ಪಾತ್ರೆಯಲ್ಲಿ ಅರ್ಧಕ್ಕಿಂತ ಜಾಸ್ತಿ ತುಂಬಿಸದೆ ಬೇಯಿಸಿ. ಇದು ನುಚ್ಚು ಓಟ್ಸಿಗೆ ಬಹಳ ಒಳ್ಳೆಯದು. ಒಂದಕ್ಕೆ ನಾಲ್ಕು ನೀರು, ಮೂರು ನಾಲ್ಕು ವಿಷಲ್, ತಾನೇ ಇಳಿಯಲು ಬಿಡಿ. ಒಲೆ ಮೇಲೆ ಅದಕ್ಕೆ ಅರ್ಧ ಗಂಟೆ ಹಿಡಿಯುತ್ತದೆ. ತೆಗೆದು ಸೌಟಿನಲ್ಲಿ ನಾಲ್ಕು ಸುತ್ತು ಚೆನ್ನಾಗಿ ತಿರುವಿದರೆ ಕೆನೆ ಬರುತ್ತದೆ. ಹಾಲು ಆಮೇಲೆ.

ತೆಳು ಓಟ್ಸಿಗೆ ಕುಕ್ಕರ್ ಸುಮ್ನೆ ದಂಡ.

ಗೋಕುಲಂ ಬಾಡಿಗೆ ಮನೆ · ಸಂಜೆ 6:45

ನಮ್ಮ ಮೇಲಿನ ಮನೆಯನ್ನು ಯೋಗ ಕಲಿಯಲು ಬರುವವರಿಗೆ ಬಾಡಿಗೆಗೆ ಕೊಡುತ್ತೇವೆ. ಹೋದ ಚಳಿಗಾಲ ಸ್ಕಾಟ್ಲೆಂಡಿನ ಒಬ್ಬ ಹೆಂಗಸು ಮೂರು ತಿಂಗಳಿದ್ದರು, ಅರವತ್ತು ದಾಟಿದವರು. ದಿನಾ ಬೆಳಿಗ್ಗೆ ಓಟ್ಸ್. ಹಾಲಿಲ್ಲ, ಸಕ್ಕರೆಯಿಲ್ಲ. ನೀರು, ಉಪ್ಪು, ಓಟ್ಸ್. ನೀರಿನಲ್ಲಿ ಮಾಡಿದ್ದು ಏನು ಚೆನ್ನಾಗಿರುತ್ತದೆ ಅಂದುಕೊಂಡು ಒಂದು ಚಮಚ ಬಾಯಿಗಿಟ್ಟೆ. ಹಾಲು ಹಾಕಿಲ್ಲ ಅಂದರೆ ನಂಬುವ ಹಾಗಿರಲಿಲ್ಲ. ಅಷ್ಟು ನುಣುಪು.

ಅವರ ಗುಟ್ಟು ಕೈಯಲ್ಲಿತ್ತು. ರಾತ್ರಿ ನೆನೆಸುವುದು, ಬೆಳಿಗ್ಗೆ ಸಣ್ಣ ಉರಿ, ಬಿಡದೆ ನಿಧಾನವಾಗಿ ತಿರುವುವುದು. ಸೌಟು ಬಳಸುತ್ತಿರಲಿಲ್ಲ. ಊರಿಂದ ಒಂದು ಮರದ ಕಡ್ಡಿ ತಂದಿದ್ದರು, ಒಂದು ಗೇಣಿಗಿಂತ ಸ್ವಲ್ಪ ಉದ್ದ. ಅದಕ್ಕೆ ಸ್ಪರ್ಟಲ್ ಅನ್ನುತ್ತಾರಂತೆ. ಅಗಲ ಸೌಟಿನ ಹಾಗೆ ಅದು ಗಂಜಿಯನ್ನು ಎಳೆದಾಡುವುದಿಲ್ಲ, ಗಂಟನ್ನು ಮಾತ್ರ ಒಡೆಯುತ್ತದೆ. ನಾನು ಅಟ್ಟದಿಂದ ನಮ್ಮ ಅತ್ತೆಯ ಹಿಟ್ಟಿನ ಕೋಲು ಇಳಿಸಿ ತೋರಿಸಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ಫೋಟೋ ತೆಗೆದುಕೊಂಡರು. ನಮ್ಮದು ಅವರದಕ್ಕೆ ಅಪ್ಪನ ಥರ ಕಾಣುತ್ತಿತ್ತು.

ಅವರ ನಾಡಿನಲ್ಲಿ ಕಾರ್‌ಬ್ರಿಜ್ ಅನ್ನುವ ಹಳ್ಳಿಯಲ್ಲಿ ಪ್ರತಿ ವರ್ಷ ಗಂಜಿ ಮಾಡುವ ವಿಶ್ವ ಸ್ಪರ್ಧೆಯೇ ನಡೆಯುತ್ತದೆ. 1994ರಲ್ಲಿ ಶುರುವಾದದ್ದು. ಗೆದ್ದವರಿಗೆ ಬಹುಮಾನವೂ ಚಿನ್ನದ ಬಣ್ಣದ ಆ ಕಡ್ಡಿಯೇ. ಸಾಂಪ್ರದಾಯಿಕ ವಿಭಾಗದಲ್ಲಿ ಓಟ್ಸ್, ನೀರು, ಉಪ್ಪು ಬಿಟ್ಟು ಬೇರೇನೂ ಹಾಕುವ ಹಾಗಿಲ್ಲ.

ಒಂದು ಮಾತ್ರ ನನಗೆ ಹಿಡಿಸಲಿಲ್ಲ. ಬಿಸಿ ಗಂಜಿಯ ಪಕ್ಕದಲ್ಲಿ ತಣ್ಣನೆಯ ಹಾಲಿನ ಬಟ್ಟಲು ಇಟ್ಟುಕೊಂಡು, ಒಂದೊಂದು ಚಮಚವನ್ನೂ ಅದರಲ್ಲಿ ಅದ್ದಿ ತಿನ್ನುತ್ತಿದ್ದರು. ನಮ್ಮ ಹಲ್ಲಿಗೆ ಆಗುವುದಿಲ್ಲ.

ಸಂತೆಪೇಟೆ · 7:30

ಎಲ್ಲರೂ ಸಿಹಿಯ ಹಿಂದೆಯೇ ಬಿದ್ದಿದ್ದೀರಿ. ಉಪ್ಸಾರು ತಿನ್ನುವ ಮನುಷ್ಯನಿಗೆ ಬೆಲ್ಲ ಬಾಳೆಹಣ್ಣಿನ ಓಟ್ಸ್ ಎಷ್ಟು ದಿನ ಇಳಿಯುತ್ತದೆ? ನೀರಿನಲ್ಲೇ ತೆಳ್ಳಗೆ ಬೇಯಿಸಿ, ಪೂರ್ತಿ ಆರಿಸಿ, ಕಡೆದ ಮಜ್ಜಿಗೆ ಬೆರೆಸಿ. ಜಜ್ಜಿದ ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು. ಅರ್ಧ ಚಮಚ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ. ಬೇಸಿಗೆಗೆ ಇದಕ್ಕಿಂತ ತಿಂಡಿ ಬೇಡ. ಬಿಸಿಗೆ ಮಜ್ಜಿಗೆ ಹಾಕಿದರೆ ಒಡೆಯುತ್ತದೆ, ಆರಿಸಲೇಬೇಕು.

ಬೆಳಗಿನ ವಾಕರ್ · 7:41

ಇದು ಓಟ್ಸ್ ಅಲ್ಲ ಸ್ವಾಮಿ, ವೇಷ ಹಾಕಿದ ಮೊಸರನ್ನ.

ಸಂತೆಪೇಟೆ · 7:43

ತಿಂದು ನೋಡಿ ಮಾತಾಡಿ.

ಸರಸ್ವತಿಪುರಂ ಸೊಸೆ · ಮಂಗಳವಾರ ಬೆಳಿಗ್ಗೆ 9:50

ಹಿಟ್ಟಿನ ಕೋಲಣ್ಣ, ನಿನ್ನೆ ಸಂಜೆಯೇ ಹೋಗಿ ಗಟ್ಟಿ ಓಟ್ಸ್ ತಂದೆ. ಎರಡೂ ಪ್ಯಾಕೆಟ್ ಬಿಡಿಸಿ ಬಿಳಿ ತಟ್ಟೆಯಲ್ಲಿ ಪಕ್ಕಪಕ್ಕ ಹಾಕಿ ನೋಡಿದೆ. ಹಳೆಯದು ಮರದ ಹೊಟ್ಟಿನ ಥರ. ಹೊಸದು ನಿಜವಾಗಿ ಅವಲಕ್ಕಿ ಥರ, ನಡುವೆ ಒಂದು ಗೆರೆ ಕೂಡ ಕಾಣುತ್ತದೆ. ಇಷ್ಟು ದಿನ ನೋಡಿಯೇ ಇರಲಿಲ್ಲ.

ನೀವು ಹೇಳಿದ ಹಾಗೇ ತಣ್ಣೀರಿಗೆ ಹಾಕಿದೆ. ಮೊದಲ ನಾಲ್ಕು ನಿಮಿಷ ಏನೂ ಆಗಲಿಲ್ಲ. ಎಸಳು ಬೇರೆ, ನೀರು ಬೇರೆ. ಇದೂ ಕೆಟ್ಟಿತು ಅಂದುಕೊಂಡೆ. ಐದನೇ ನಿಮಿಷಕ್ಕೆ ನೀರು ಬೆಳ್ಳಗಾಯಿತು, ಅಕ್ಕಿ ತೊಳೆದ ನೀರಿನ ಹಾಗೆ. ಏಳನೇ ನಿಮಿಷಕ್ಕೆ ಗುಳ್ಳೆಯ ಸದ್ದೇ ಬದಲಾಯಿತು. ಮೊದಲು ಸಣ್ಣಗೆ ಚಿಟಿಚಿಟಿ ಅನ್ನುತ್ತಿದ್ದದ್ದು ಆಮೇಲೆ ದಪ್ಪಗೆ ಪುಳಕ್ ಪುಳಕ್ ಅನ್ನತೊಡಗಿತು. ಸೌಟಿಗೂ ಭಾರ ಗೊತ್ತಾಯಿತು. ಗೆರೆ ಎಳೆದೆ. ನಿಧಾನವಾಗಿ ಮುಚ್ಚಿಕೊಂಡಿತು. ಹಾಲು ಹಾಕಿದೆ.

ಆಗ ಕೊರಿಯರ್ ಹುಡುಗ ಬೆಲ್ ಮಾಡಿದ. ಸಹಿ ಹಾಕಿ ಬರುವಷ್ಟರಲ್ಲಿ ಅರ್ಧ ಗಂಜಿ ಒಲೆ ಮೇಲೆ. ಉಳಿದರ್ಧ ತಳ ಹಿಡಿದಿತ್ತು.

ಮಾವ ಇಡ್ಲಿ ತಿಂದರು. ಖುಷಿಯಾಗಿ.

ಹಿಟ್ಟಿನ ಕೋಲು · 10:15

ಅಯ್ಯೋ! ಹಾಲು ಹಾಕಿದ ಮೇಲಿನ ಎರಡು ನಿಮಿಷ ದೇವರೇ ಬಾಗಿಲು ತಟ್ಟಿದರೂ ಹೋಗಬಾರದು. ಹಾಲಿನ ಪ್ರೋಟೀನ್ ತಳಕ್ಕೆ ಕೂತು ಹತ್ತಿಕೊಳ್ಳುತ್ತದೆ. ನೊರೆ ಗಟ್ಟಿಯಾಗಿರುವುದರಿಂದ ಹಬೆ ಹೊರಗೆ ಹೋಗಲಾರದೆ ಎಲ್ಲ ಒಟ್ಟಿಗೆ ಮೇಲೇಳುತ್ತದೆ. ದೊಡ್ಡ ಪಾತ್ರೆ ಇಡಿ. ತಳ ಹಿಡಿದರೆ ಕೆರೆಯಬೇಡಿ, ಮೇಲಿನದನ್ನು ಮೆಲ್ಲಗೆ ಬೇರೆ ಪಾತ್ರೆಗೆ ಬಗ್ಗಿಸಿ. ಕೆರೆದರೆ ಕಮಟು ಇಡೀ ಗಂಜಿಗೆ ಬರುತ್ತದೆ.

ಭಯವಿದ್ದರೆ ಒಲೆ ಆರಿಸಿಯೇ ಬಿಸಿ ಹಾಲು ಬೆರೆಸಿ. ನೂರಕ್ಕೆ ತೊಂಬತ್ತು ಅದೇ ರುಚಿ.

ಏಲಕ್ಕಿ ಬಾಳೆ · 11:00

ಹಾಲೂ ಕಡಿಮೆ ಮಾಡಬೇಕು ಅನ್ನುವವರಿಗೆ ಇನ್ನೆರಡು ಉಪಾಯ. ಎಂಟು ಬಾದಾಮಿ ನೆನೆಸಿ ಸಿಪ್ಪೆ ಸುಲಿದು, ಗಸಗಸೆ ಪಾಯಸಕ್ಕೆ ಅರೆಯುವ ಹಾಗೆ ನುಣ್ಣಗೆ ಅರೆದು ಕೊನೆಯಲ್ಲಿ ಬೆರೆಸಿ. ಇಲ್ಲವೇ ಚೆನ್ನಾಗಿ ಕಳಿತ ಒಂದು ಬಾಳೆಹಣ್ಣನ್ನು ಕಿವುಚಿ ಕೊನೆಯ ಎರಡು ನಿಮಿಷ ಬೇಯಿಸಿ. ಸಿಹಿಯೂ ಬರುತ್ತದೆ, ನುಣುಪೂ ಬರುತ್ತದೆ. ನಮ್ಮತ್ತೆ ನಂಜನಗೂಡು ರಸಬಾಳೆ ಹಾಕಿ ಮಾಡುತ್ತಾರೆ.

ಮಂಡ್ಯ ಬೆಲ್ಲ · 11:12

ರಸಬಾಳೆ ಬೇಯಿಸುತ್ತಾರಾ? ಸಿಗುವುದೇ ಅಪರೂಪ, ಭೌಗೋಳಿಕ ಗುರುತು ಪಡೆದ ಹಣ್ಣು, ಅದನ್ನು ಓಟ್ಸಿನಲ್ಲಿ ಕಿವುಚುವುದಾ! ಪಚ್ಚಬಾಳೆ ಬೇಯಿಸಿ. ರಸಬಾಳೆ ಸುಲಿದು ಹಾಗೇ ತಿನ್ನಿ.

ಏಲಕ್ಕಿ ಬಾಳೆ · 11:15

ನಮ್ಮತ್ತೆಗೆ ನೀವೇ ಬಂದು ಹೇಳಿ.

ಶುಗರ್ ಇರುವವನು · 2:40

ನನಗೆ ಶುಗರ್ ಇದೆ. ಓಟ್ಸ್ ತಿಂದರೆ ಏರುವುದಿಲ್ಲ ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ನಿಜವೇ?

ಹಿಟ್ಟಿನ ಕೋಲು · 3:10

ಏರುತ್ತದೆ, ಎಷ್ಟು ಬೇಗ ಅನ್ನುವುದು ಜಾತಿಯ ಮೇಲೆ. ತೆಳು ಓಟ್ಸ್ ಬೇಗ ಅರಗುತ್ತದೆ, ಬೇಗ ಏರುತ್ತದೆ. ನುಚ್ಚು ನಿಧಾನ. ಪುಟ್ಟ ಪ್ಯಾಕೆಟ್ಟಿನ ಮಸಾಲೆ ಓಟ್ಸ್, ಹಣ್ಣಿನ ಓಟ್ಸ್ ಅಂತ ಬರುತ್ತವಲ್ಲ, ಅವುಗಳ ಹಿಂಭಾಗ ಓದಿ, ಉಪ್ಪು ಸಕ್ಕರೆ ಎಷ್ಟಿದೆ ಅಂತ. ಮನೆಯಲ್ಲೇ ಮೀಟರ್ ಇದ್ದರೆ ತಿಂದು ಎರಡು ಗಂಟೆಗೆ ನೋಡಿ, ನಿಮ್ಮ ಡಾಕ್ಟರಿಗೆ ಆ ಅಂಕಿ ತೋರಿಸಿ. ಆಫೀಸಿನವರ ಮಾತು ಬಿಡಿ.

ಟೈಮಿಲ್ಲದವಳು · ಬುಧವಾರ ಬೆಳಿಗ್ಗೆ 8:30

ಕುಕ್ಕರ್ ಒಳಗೆ ಪಾತ್ರೆ ಇಟ್ಟು ನುಚ್ಚು ಓಟ್ಸ್ ಮಾಡಿದೆ. ಬೆಲ್ಲ ಶೋಧಿಸಿ ಕೊನೆಗೆ ಹಾಕಿದೆ. ಒಡೆಯಲಿಲ್ಲ. ಜರಡಿಯಲ್ಲಿ ನಿಂತದ್ದನ್ನು ನೋಡಿ ಇಷ್ಟು ವರ್ಷ ಏನೆಲ್ಲ ತಿಂದಿದ್ದೇವೆ ಅನ್ನಿಸಿತು. ಚಿಕ್ಕವನು ಎರಡನೇ ಸಲ ಹಾಕಿಸಿಕೊಂಡ. ದೊಡ್ಡವಳಿಗೆ ಇನ್ನೂ ವಾಂತಿಯೇ ನೆನಪಂತೆ.

ಒಂದು ಪ್ರಶ್ನೆ. ಹಳೆಯ ಪ್ಯಾಕೆಟ್ ಒಂದಿತ್ತು, ಬಿಡಿಸಿದರೆ ಹಳೇ ಎಣ್ಣೆ ವಾಸನೆ. ಹುಳು ಇಲ್ಲ. ತಿನ್ನಬಹುದಾ?

ಹಿಟ್ಟಿನ ಕೋಲು · 8:55

ಬೇಡ. ಅಕ್ಕಿ ಗೋಧಿಗಿಂತ ಓಟ್ಸಿನಲ್ಲಿ ಕೊಬ್ಬು ಜಾಸ್ತಿ, 100 ಗ್ರಾಮಿಗೆ ಸುಮಾರು 7 ಗ್ರಾಂ. ಅದನ್ನು ಕೆಡಿಸುವ ಕಿಣ್ವ ಕಾಳಿನಲ್ಲೇ ಇರುತ್ತದೆ. ಅದಕ್ಕೇ ಫ್ಯಾಕ್ಟರಿಯಲ್ಲಿ ಹಬೆ ಕೊಡುವುದು. ಆದರೂ ಪ್ಯಾಕೆಟ್ ತೆರೆದು ಒಲೆ ಪಕ್ಕ ಇಟ್ಟರೆ ಕಮಟು ಹಿಡಿಯುತ್ತದೆ. ಗಾಳಿಯಾಡದ ಡಬ್ಬಿ, ಸಣ್ಣ ಪ್ಯಾಕೆಟ್. ಮಳೆಗಾಲದಲ್ಲಿ ಫ್ರಿಜ್.

ಸರಸ್ವತಿಪುರಂ ಸೊಸೆ · ಭಾನುವಾರ ಮಧ್ಯಾಹ್ನ 12:05

ವರದಿ ಒಪ್ಪಿಸಲು ಬಂದೆ.

ಬುಧವಾರದಿಂದ ದಿನಾ ಮಾಡಿದ್ದೇನೆ. ದೊಡ್ಡ ಪಾತ್ರೆ, ತಣ್ಣೀರು, ಸಿಮ್, ಒಲೆ ಆರಿಸಿ ಬಿಸಿ ಹಾಲು. ನಾನೇ ಸೇರಿಸಿದ್ದು ಒಂದು. ಎರಡು ಚಮಚ ಓಟ್ಸನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ರಾಗಿ ಗಂಜಿಗೆ ಕಲಸುವ ಹಾಗೆ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ ಮೊದಲೇ ಹಾಕುತ್ತೇನೆ. ಎಸಳು ಬಾಯಿಗೆ ಸಿಗುತ್ತದೆ, ಸುತ್ತ ಇರುವುದು ಮಾತ್ರ ಕೆನೆ. ಕೆಟ್ಟ ಹಳೆಯ ತೆಳು ಪ್ಯಾಕೆಟ್ಟೂ ಹೀಗೆ ಪುಡಿಯಾಗಿ ಖರ್ಚಾಗುತ್ತಿದೆ. ಕೆಟ್ಟದ್ದು ಅಂದರೆ ವಾಸನೆ ಬಂದದ್ದಲ್ಲ, ನನ್ನ ಮಾನ ಕಳೆದದ್ದು.

ಬುಧವಾರ ಮಾವ ಏನೂ ಹೇಳಲಿಲ್ಲ. ಗುರುವಾರ “ಇವತ್ತು ಪರವಾಗಿಲ್ಲ ಕಣವ್ವ” ಅಂದರು. ಶುಕ್ರವಾರ ಶೋಧಿಸಿದ ಬೆಲ್ಲ ಹಾಕಿಕೊಟ್ಟೆ. ತಿಂದರು, ಬೆಲ್ಲ ಯಾವ ಊರಿನದು ಅಂತ ಕೇಳಿದರು, ಅಷ್ಟೇ. ನಿನ್ನೆ ಅಡುಗೆಮನೆಗೇ ಬಂದು ನಿಂತು, ನಾನು ತಿರುವುವುದನ್ನು ನೋಡಿ, “ಹಿಂಗಲ್ಲ, ಕೋಲು ಕೊಡು” ಅಂತ ತಾವೇ ತಿರುವಿದರು. ಎರಡು ಕೈಯಲ್ಲಿ, ಪಾತ್ರೆಯನ್ನು ಇಕ್ಕಳದಲ್ಲಿ ಒತ್ತಿ ಹಿಡಿಯಲು ನನಗೆ ಹೇಳಿ. ಒಂದು ಗಂಟಿರಲಿಲ್ಲ.

ಇವತ್ತು ಸಿಹಿ ಬೇಡ ಅಂದರು. ನೀರಿನಲ್ಲೇ ಉಪ್ಪು ಹಾಕಿ ಮಾಡಿಸಿಕೊಂಡು, ತಟ್ಟೆಯ ಅಂಚಿಗೆ ನಿನ್ನೆ ರಾತ್ರಿಯ ಉಪ್ಸಾರಿನ ಖಾರ ಇಟ್ಟುಕೊಂಡರು. ಚಮಚ ಪಕ್ಕಕ್ಕೆ ಸರಿಸಿ ಬೆರಳಲ್ಲಿ ನೆಂಚಿಕೊಂಡು ತಿಂದರು. ತಟ್ಟೆ ತೊಳೆದಿಟ್ಟ ಹಾಗೆ ಖಾಲಿ. ಸಂತೆಪೇಟೆಯವರೇ, ನೀವು ಹೇಳಿದ್ದೇ ಸರಿ. ಗೋಕುಲಂ ಅಕ್ಕ, ಸ್ಕಾಟ್ಲೆಂಡಿನವರಿಗೆ ಇದನ್ನು ಹೇಳಬೇಡಿ.

ಅಗ್ರಹಾರದ ಅಜ್ಜಿ · 12:30

ಖಾರಕ್ಕೆ ಬೆಳ್ಳುಳ್ಳಿ ಜಾಸ್ತಿ ಹಾಕಮ್ಮ. ಈಗ ನನಗೂ ತಿನ್ನಬೇಕು ಅನ್ನಿಸುತ್ತಿದೆ.

ವಿಜಯನಗರ ಎರಡನೇ ಹಂತ · 1:50

ಗಾಳಿಪಟದ ಗೋಂದು ಅಂತ ಓದಿದ ತಕ್ಷಣ ಗೊತ್ತಾಯಿತು. ಅಪ್ಪ ಸೋಮವಾರ ಫೋನಿನಲ್ಲಿ ನನಗೂ ಅದೇ ಮಾತು ಹೇಳಿದ್ದರು. ಅತ್ತಿಗೆ, ಆವತ್ತು ನಮ್ಮನೆಯಲ್ಲಿ ನೀವು ತಿಂದದ್ದಕ್ಕೆ ನಾನು ಅರ್ಧ ಡಬ್ಬಿ ಕಂಡೆನ್ಸ್ಡ್ ಮಿಲ್ಕ್ ಹಾಕಿದ್ದೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಸರಸ್ವತಿಪುರಂ ಸೊಸೆ · 1:52

ಫೋನ್ ಎತ್ತು.